ಪ್ರಾಜೆಕ್ಟ್‌ನಲ್ಲಿ ಸ್ವತಂತ್ರ ಚರ ಯಾವುದು, ಅವಲಂಬಿತ ಚರ ಯಾವುದು? ಮೊದಲು ಖಾಲಿ ಟೇಬಲ್ ಬರೆಯಿರಿ

ವಿಜ್ಞಾನ ವಸ್ತುಪ್ರದರ್ಶನದಲ್ಲಿ ತೀರ್ಪುಗಾರರು ಬಂದು ನಿಂತರೆ ಈ ಪ್ರಶ್ನೆ ಹೆಚ್ಚುಕಮ್ಮಿ ಬಂದೇ ಬರುತ್ತದೆ: "ನಿಮ್ಮ ಪ್ರಯೋಗದಲ್ಲಿ ಸ್ವತಂತ್ರ ಚರ ಯಾವುದು, ಅವಲಂಬಿತ ಚರ ಯಾವುದು?" ಚರ ಎಂದರೆ ಪ್ರಯೋಗದಲ್ಲಿ ಬದಲಾಗಬಹುದಾದ ಅಂಶ. ಇಂಗ್ಲಿಷ್ ಮೀಡಿಯಂ ಆದರೆ ಇಂಡಿಪೆಂಡೆಂಟ್ ವೇರಿಯಬಲ್, ಡಿಪೆಂಡೆಂಟ್ ವೇರಿಯಬಲ್ ಅಂತ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ತುಂಬಾ ಮಕ್ಕಳು ವ್ಯಾಖ್ಯೆಯನ್ನು ಗಡಗಡ ಒಪ್ಪಿಸುತ್ತಾರೆ. ಆದರೆ ಎದುರಿಗಿರುವ ಕುಂಡವನ್ನೋ ಲೋಟವನ್ನೋ ತೋರಿಸಿ "ಇದರಲ್ಲಿ ಯಾವುದು ಹೇಳಿ" ಎಂದರೆ ಎರಡನ್ನೂ ಅದಲುಬದಲು ಮಾಡಿಬಿಡುತ್ತಾರೆ. ಬುದ್ಧಿ ಕಡಿಮೆ ಅಂತಲ್ಲ. ಪ್ರಯೋಗ ಎಲ್ಲ ಮುಗಿದ ಮೇಲೆ, ಫೈಲ್ ಬರೆಯಲು ಕೂತಾಗ ಚರಗಳನ್ನು ಹುಡುಕುತ್ತಾರೆ, ಅದಕ್ಕೇ ಹೀಗಾಗುತ್ತದೆ. ಹುಡುಕಬೇಕಾದ್ದು ಪ್ರಯೋಗಕ್ಕೆ ಮುಂಚೆ.

ಅದಕ್ಕೊಂದು ಸುಲಭ ದಾರಿ ಇದೆ. ಪ್ರಯೋಗ ಶುರು ಮಾಡುವ ಹಿಂದಿನ ದಿನ ಒಂದು ಹಾಳೆ ತೆಗೆದುಕೊಂಡು, ಫಲಿತಾಂಶ ಬರೆಯುವ ಟೇಬಲನ್ನು ಪೂರ್ತಿ ಗೀಚಿಬಿಡಿ. ಸಾಲು, ಕಾಲಂ, ತಲೆಬರಹ ಎಲ್ಲ ಹಾಕಿ. ಈಗ ಒಂದೊಂದೇ ಕಾಲಂ ನೋಡಿ ಕೇಳಿಕೊಳ್ಳಿ: ಇದನ್ನು ನಾನು ಇವತ್ತೇ ತುಂಬಬಹುದಾ?

ಇವತ್ತೇ ತುಂಬಬಹುದು, ಮತ್ತು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬೇರೆ ಬೇರೆ ಇರುತ್ತದೆ ಎಂದರೆ ಅದು ಸ್ವತಂತ್ರ ಚರ. ಅದನ್ನು ನಿರ್ಧಾರ ಮಾಡುವವರು ನೀವು. ಇವತ್ತು ತುಂಬಲು ಆಗುವುದೇ ಇಲ್ಲ, ಪ್ರಯೋಗ ಮಾಡಿ, ಕಾದು, ಅಳೆದು ಬರೆಯಬೇಕು ಎಂದರೆ ಅದು ಅವಲಂಬಿತ ಚರ. ಇವತ್ತೇ ತುಂಬಬಹುದು, ಆದರೆ ಎಲ್ಲ ಸಾಲಿನಲ್ಲೂ ಒಂದೇ ಇರುತ್ತದೆ ಎಂದರೆ ಅದು ನಿಯಂತ್ರಿತ ಚರ. ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದ ಕಾಲು ಭಾಗದಲ್ಲಿ ತೊಡಕುಗಳಿವೆ, ಅವನ್ನೂ ನೋಡೋಣ.

ದೋಸೆ ಹಿಟ್ಟಿನ ಮೇಲೆ ಹಚ್ಚಿ ನೋಡೋಣ

ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಡಿಸೆಂಬರ್ ಚಳಿಗೆ ದೋಸೆ ಹಿಟ್ಟು ಬೆಳಿಗ್ಗೆ ಆದರೂ ಹುದುಗಿರುವುದಿಲ್ಲ. ಏಪ್ರಿಲ್‌ನಲ್ಲಿ ಅದೇ ಹಿಟ್ಟು ಪಾತ್ರೆಯಿಂದ ಉಕ್ಕಿ ಚೆಲ್ಲುತ್ತದೆ. ಇದು ಎಲ್ಲರ ಮನೆಯಲ್ಲೂ ಗೊತ್ತಿರುವ ವಿಷಯ. ಉದ್ದು, ಅಕ್ಕಿಯ ಜೊತೆಯಲ್ಲೇ ಬರುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಲ್ಯುಕೊನೊಸ್ಟಾಕ್ ಎಂಬ ಗುಂಪಿನವು, ಹಿಟ್ಟಿನಲ್ಲಿ ಆಮ್ಲವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಮಾಡುತ್ತವೆ. ರುಬ್ಬಿದ ಉದ್ದಿನ ಅಂಟು ಆ ಗುಳ್ಳೆಗಳನ್ನು ಹಿಡಿದಿಡುತ್ತದೆ, ಹಿಟ್ಟು ಉಬ್ಬುತ್ತದೆ. ಚಳಿಯಲ್ಲಿ ಬ್ಯಾಕ್ಟೀರಿಯಾಗಳ ಕೆಲಸ ನಿಧಾನ.

ಇಲ್ಲಿಂದ ಒಂದು ಪ್ರಶ್ನೆ ಮಾಡೋಣ: "ಹಿಟ್ಟು ಇಟ್ಟ ಜಾಗದ ಉಷ್ಣಾಂಶ ಬದಲಾದರೆ, 10 ಗಂಟೆಯಲ್ಲಿ ಹಿಟ್ಟು ಎಷ್ಟು ಉಬ್ಬುತ್ತದೆ?"

ಒಂದೇ ಸಲ ರುಬ್ಬಿದ ಹಿಟ್ಟು. ನೇರ ಗೋಡೆಯ ಒಂದೇ ಥರದ ಮೂರು ಗಾಜಿನ ಲೋಟ. ಪ್ರತಿ ಲೋಟಕ್ಕೂ 100 ಮಿ.ಲೀ. ಹಿಟ್ಟು. ಹೊರಗಡೆ ಸ್ಕೇಲ್ ಅಂಟಿಸಿ. ಒಂದು ಲೋಟ ಫ್ರಿಜ್‌ನಲ್ಲಿ, ಒಂದು ಅಡುಗೆಮನೆ ಕಟ್ಟೆ ಮೇಲೆ, ಒಂದು ಉಗುರುಬೆಚ್ಚಗಿನ ನೀರಿಟ್ಟ ಹಾಟ್‌ಬಾಕ್ಸ್ ಒಳಗೆ. ಈಗ ಟೇಬಲ್ ಹಾಕಿ. ಮೊದಲ ಕಾಲಂ, ಜಾಗದ ಉಷ್ಣಾಂಶ. ಎಲ್ಲಿಡಬೇಕು, ಎಷ್ಟು ಬಿಸಿಯಲ್ಲಿಡಬೇಕು ಅಂತ ನೀವೇ ಆರಿಸಿದಿರಿ, ಮೂರು ಸಾಲಿನಲ್ಲೂ ಬೇರೆ ಬೇರೆ. ಸ್ವತಂತ್ರ ಚರ. ಕೊನೆಯ ಕಾಲಂ, ಹಿಟ್ಟು ಎಷ್ಟು ಸೆಂ.ಮೀ. ಏರಿತು. ಅದು ನಾಳೆ ಬೆಳಿಗ್ಗೆಯವರೆಗೂ ಖಾಲಿ. ಅವಲಂಬಿತ ಚರ. ನಡುವೆ ಹಿಟ್ಟಿನ ಪ್ರಮಾಣ, ಉಪ್ಪು, ಲೋಟ, 10 ಗಂಟೆ ಎಂಬ ಕಾಲಂಗಳನ್ನು ಹಾಕಿದರೆ ಮೂರೂ ಸಾಲಿನಲ್ಲಿ ಒಂದೇ ಬರುತ್ತದೆ. ಅವೆಲ್ಲ ನಿಯಂತ್ರಿತ.

ಇಲ್ಲೇ ಮೊದಲ ತೊಡಕು. ಹಾಟ್‌ಬಾಕ್ಸ್ ಒಳಗೆ 35 ಡಿಗ್ರಿ ಇರಲಿ ಅಂತ ನೀವು ಬಯಸಿದಿರಿ. ರಾತ್ರಿ ಥರ್ಮಾಮೀಟರ್ ಇಟ್ಟು ನೋಡಿದರೆ 33 ತೋರಿಸಿತು. ನೀವು 33 ಅಂತಲೇ ಬರೆಯಬೇಕು. ಆಗ ಕೆಲವರಿಗೆ ಅನುಮಾನ ಬರುತ್ತದೆ: "ಉಷ್ಣಾಂಶವನ್ನೂ ಅಳೆದೆವಲ್ಲ, ಹಾಗಾದರೆ ಅದೂ ಅವಲಂಬಿತ ಚರವಾ?" ಅಲ್ಲ. ಅಳೆದ ಮಾತ್ರಕ್ಕೆ ಯಾವುದೂ ಅವಲಂಬಿತ ಆಗುವುದಿಲ್ಲ. ಲೋಟಗಳ ನಡುವೆ ವ್ಯತ್ಯಾಸ ಇರಲಿ ಅಂತ ನೀವೇ ಬೇಕೆಂದು ಮಾಡಿದ್ದು ಉಷ್ಣಾಂಶದಲ್ಲಿ. ಎಷ್ಟರಮಟ್ಟಿಗೆ ಅದು ನಿಂತಿತು ಅಂತ ಖಚಿತ ಮಾಡಿಕೊಳ್ಳಲು ಥರ್ಮಾಮೀಟರ್ ಇಟ್ಟಿರಿ, ಅಷ್ಟೇ. "ನಾನು ಅಳೆಯುವುದೇ ಅವಲಂಬಿತ ಚರ" ಎಂಬ ಅರ್ಧ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ.

ಪ್ರಶ್ನೆ ಸರಿ ಇಲ್ಲದಿದ್ದರೆ ಚರವೂ ಸಿಗುವುದಿಲ್ಲ

"ನಮ್ಮ ಪ್ರಾಜೆಕ್ಟ್ ಎರೆಗೊಬ್ಬರದ ಬಗ್ಗೆ." ಇದರಲ್ಲಿ ಸ್ವತಂತ್ರ ಚರ ಯಾವುದು ಅಂತ ಯಾರಿಗೂ ಹೇಳಲು ಬರುವುದಿಲ್ಲ, ಯಾಕೆಂದರೆ ಇದು ವಿಷಯ, ಪ್ರಶ್ನೆ ಅಲ್ಲ. "ಇದನ್ನು ಬದಲಾಯಿಸಿದರೆ ಅದು ಎಷ್ಟಾಗುತ್ತದೆ?" ಎಂಬ ರೂಪಕ್ಕೆ ತನ್ನಿ. "ಎರೆಗೊಬ್ಬರ ಹಾಕಿದರೆ ಗಿಡ ಚೆನ್ನಾಗಿ ಬೆಳೆಯುತ್ತದಾ?" ಅನ್ನುವುದು ಸ್ವಲ್ಪ ವಾಸಿ. ಆದರೆ ಟೇಬಲ್‌ನಲ್ಲಿ "ಚೆನ್ನಾಗಿ" ಅಂತ ಕಾಲಂ ಹಾಕಿ ಅದರಲ್ಲಿ ಏನು ಬರೆಯುತ್ತೀರಿ? ಎತ್ತರ ಎಷ್ಟು ಸೆಂ.ಮೀ. ಅಂತಲಾ, ಎಲೆ ಎಷ್ಟು ಅಂತಲಾ, ಕಿತ್ತು ಒಣಗಿಸಿ ತೂಕ ನೋಡುತ್ತೀರಾ? ಒಂದನ್ನು ಆರಿಸಿಕೊಳ್ಳಿ. ಎತ್ತರ ಮಾತ್ರ ನೋಡಿದರೆ ಒಂದು ಅಪಾಯ ಇದೆ ಅನ್ನುವುದು ನೆನಪಿರಲಿ. ಬೆಳಕು ಸಾಲದ ಗಿಡ ಸಣಕಲಾಗಿ ಉದ್ದ ಬೆಳೆಯುತ್ತದೆ, ಸ್ಕೇಲ್ ಹಿಡಿದರೆ ಅದೇ "ಚೆನ್ನಾಗಿ ಬೆಳೆದ" ಗಿಡ ಆಗಿಬಿಡುತ್ತದೆ. ಎಲೆಗಳ ಸಂಖ್ಯೆಯನ್ನೂ ಬರೆದಿಡಿ. ಅವಲಂಬಿತ ಚರ ಎರಡಿದ್ದರೆ ತೊಂದರೆ ಇಲ್ಲ. ಸ್ವತಂತ್ರ ಚರ ಮಾತ್ರ ಶಾಲೆಯ ಮಟ್ಟದಲ್ಲಿ ಒಂದೇ ಇರಲಿ.

ಅದು ಒಂದೇ ಇದೆಯಾ ಅಂತ ನೋಡುವುದೂ ಅಷ್ಟು ಸುಲಭ ಅಲ್ಲ. ಒಂದು ಕುಂಡಕ್ಕೆ ಒಂದು ಹಿಡಿ ಎರೆಗೊಬ್ಬರ, ಇನ್ನೊಂದಕ್ಕೆ ಒಂದು ಹಿಡಿ ಯೂರಿಯಾ ಹಾಕುತ್ತಾರೆ. ಎರಡಕ್ಕೂ ಒಂದೊಂದೇ ಹಿಡಿ, ಬದಲಾದದ್ದು ಗೊಬ್ಬರದ ಬಗೆ ಮಾತ್ರ ಅನಿಸುತ್ತದೆ, ಅಲ್ವಾ? ಆದರೆ ಯೂರಿಯಾದಲ್ಲಿ ಸಾರಜನಕ ಶೇ. 46ರಷ್ಟು ಇರುತ್ತದೆ. ಎರೆಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2ರ ಆಸುಪಾಸು. ಒಂದು ಹಿಡಿ ಯೂರಿಯಾ ಬಿದ್ದ ಚಿಕ್ಕ ಕುಂಡದಲ್ಲಿ ಗಿಡ ಸುಟ್ಟೇ ಹೋಗುತ್ತದೆ. ಆಮೇಲೆ "ಎರೆಗೊಬ್ಬರವೇ ಶ್ರೇಷ್ಠ" ಅಂತ ಚಾರ್ಟ್ ಬರೆಯುವುದು ಗಿಡಕ್ಕೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ಬದಲಾದದ್ದು ಬಗೆಯೂ ಹೌದು, ಸಾರಜನಕದ ಪ್ರಮಾಣವೂ ಹೌದು. ಗಿಡ ಯಾವುದರಿಂದ ಒಣಗಿತು ಅಂತ ಹೇಗೆ ಹೇಳುವುದು?

ನನ್ನನ್ನು ಕೇಳಿದರೆ ಯೂರಿಯಾ ಬಿಡಿ. ಎರೆಗೊಬ್ಬರವನ್ನೇ ಒಂದೇ ಅಳತೆಯ ಕುಂಡಗಳಿಗೆ 0, 50, 100, 150 ಗ್ರಾಂ ಹಾಕಿ ನೋಡಿ. ಸ್ವತಂತ್ರ ಚರ ಹೀಗೆ ಸಂಖ್ಯೆಯಾಗಿದ್ದರೆ "ಜಾಸ್ತಿ ಹಾಕಿದಷ್ಟೂ ಜಾಸ್ತಿಯಾ, ಅಥವಾ ಒಂದು ಮಟ್ಟದ ಮೇಲೆ ನಿಲ್ಲುತ್ತದಾ" ಅಂತ ತಿಳಿಯುತ್ತದೆ. ಬರೀ "ಹಾಕಿದ್ದು, ಹಾಕದ್ದು" ಎಂದು ಎರಡೇ ಇದ್ದರೆ ಅದು ತಿಳಿಯುವುದಿಲ್ಲ.

ಹಾಗಂತ ಸ್ವತಂತ್ರ ಚರ ಯಾವಾಗಲೂ ಸಂಖ್ಯೆಯೇ ಆಗಿರಬೇಕು ಅಂತಿಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ರೋಗ (ವಿಟಮಿನ್ ಸಿ ಕೊರತೆಯಿಂದ ಬರುವಂಥದ್ದು) ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದರು. ರೋಗದ ಮಟ್ಟ ಆದಷ್ಟೂ ಒಂದೇ ಥರ ಇರುವವರನ್ನು ಆರಿಸಿ, ಒಂದೇ ಜಾಗದಲ್ಲಿ ಮಲಗಿಸಿ, ಎಲ್ಲರಿಗೂ ಒಂದೇ ಊಟ ಕೊಟ್ಟರು. ಊಟದ ಮೇಲೆ ಕೊಟ್ಟದ್ದು ಮಾತ್ರ ಬೇರೆ: ಒಂದು ಜೋಡಿಗೆ ಸೇಬಿನ ಸೈಡರ್, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ, ಒಂದಕ್ಕೆ ಮಸಾಲೆಯ ಲೇಹ್ಯ, ಇನ್ನೊಂದಕ್ಕೆ ಕಿತ್ತಳೆ ಮತ್ತು ನಿಂಬೆ. ಕಿತ್ತಳೆ, ನಿಂಬೆ ತಿಂದವರು ಕೆಲವೇ ದಿನಗಳಲ್ಲಿ ಎದ್ದು ಕೂತರು. ಇಲ್ಲಿ ಸ್ವತಂತ್ರ ಚರ "ಏನು ಕೊಟ್ಟರು" ಎಂಬ ಬಗೆ, ಅವಲಂಬಿತ ಚರ ರೋಗ ಎಷ್ಟು ವಾಸಿಯಾಯಿತು ಎಂಬುದು. ವಿಟಮಿನ್ ಎಂಬ ಮಾತೇ ಹುಟ್ಟದ ಕಾಲದಲ್ಲಿ ಅಷ್ಟು ತಿಳಿಯಲು ಸಾಧ್ಯವಾದದ್ದು, ಉಳಿದದ್ದನ್ನು ಒಂದೇ ಥರ ಇಟ್ಟಿದ್ದರಿಂದ.

ಕಣ್ಣಿಗೆ ಬೀಳದೆ ಬದಲಾಗುವವು

ಟೇಬಲ್‌ನ ನಿಯಂತ್ರಿತ ಕಾಲಂಗಳಿಗೆ ಜಾಸ್ತಿ ಸಮಯ ಕೊಡಿ. ಸಾಮಾನ್ಯವಾಗಿ ಪ್ರಾಜೆಕ್ಟ್ ಕೆಡುವುದು ಇಲ್ಲೇ.

ಲೋಲಕದ ಪ್ರಯೋಗ ನೋಡಿ. ದಾರ, ಗುಂಡು, ಸ್ಟಾಪ್‌ವಾಚ್ ಇದ್ದರೆ ಸಾಕು, ದುಡ್ಡು ಬೇಕಿಲ್ಲ, ನನಗೆ ತುಂಬಾ ಇಷ್ಟವಾದ ಶಾಲಾ ಪ್ರಯೋಗ ಇದು. ಉದ್ದ 25, 50, 75, 100 ಸೆಂ.ಮೀ. ಅಂತ ಇಟ್ಟುಕೊಂಡು 20 ಆಂದೋಲನಕ್ಕೆ (ಒಮ್ಮೆ ಆ ಕಡೆ ಹೋಗಿ ವಾಪಸ್ ಬಂದರೆ ಒಂದು ಆಂದೋಲನ) ಎಷ್ಟು ಸೆಕೆಂಡ್ ಅಂತ ನೋಡಿದರೆ ಸುಮಾರು 20, 28, 35, 40 ಬರುತ್ತದೆ. ಉದ್ದ ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟು. ಉದ್ದ ಸ್ವತಂತ್ರ, ಸಮಯ ಅವಲಂಬಿತ, ಗುಂಡಿನ ತೂಕ ನಿಯಂತ್ರಿತ. ಎಳೆದು ಬಿಡುವ ಕೋನವೂ ನಿಯಂತ್ರಿತ, ಅದನ್ನು 10 ಡಿಗ್ರಿಯೊಳಗೆ ಇಡಿ. 20ರಿಂದ ಭಾಗಿಸಿ ಒಂದು ಆಂದೋಲನದ ಸಮಯ ಅಂತ ಇನ್ನೊಂದು ಕಾಲಂ ಮಾಡುತ್ತೀರಲ್ಲ, ಅದೂ ಅವಲಂಬಿತದ ಕಡೆಗೇ ಸೇರುತ್ತದೆ. ಅಳೆದದ್ದರಿಂದ ಲೆಕ್ಕ ಹಾಕಿ ಬಂದದ್ದು ಹೊಸ ಚರ ಏನಲ್ಲ.

ಈಗ ಪ್ರಶ್ನೆ ಬದಲಾಯಿಸಿ: ಉದ್ದ ಒಂದೇ ಇರಲಿ, ತೂಕ ಜಾಸ್ತಿ ಮಾಡುತ್ತಾ ಹೋದರೆ? ಸ್ವತಂತ್ರ ಚರ ಈಗ ತೂಕ. ದಾರವನ್ನು ಮುಟ್ಟದೆ ಒಂದರ ಕೆಳಗೊಂದು ಕಬ್ಬಿಣದ ನಟ್ ಪೋಣಿಸುತ್ತಾ ಹೋಗುತ್ತಾರೆ. ದಾರ ಅದೇ ಇದೆ, ಉದ್ದ ಬದಲಾಗಿಲ್ಲ ಅಂದುಕೊಳ್ಳುತ್ತಾರೆ. ಆದರೆ ಲೋಲಕದ ಉದ್ದವನ್ನು ಅಳೆಯಬೇಕಾದ್ದು ಗುಂಡಿನ ನಡುಮಧ್ಯದವರೆಗೆ. ನಟ್‌ಗಳು ಕೆಳಗೆ ಇಳಿದಷ್ಟೂ ಆ ನಡುಮಧ್ಯ ಕೆಳಗಿಳಿಯುತ್ತದೆ. 25 ಸೆಂ.ಮೀ. ಲೋಲಕದಲ್ಲಿ ಅದು 3 ಸೆಂ.ಮೀ. ಕೆಳಗಿಳಿದರೂ ಸಾಕು, 20 ಆಂದೋಲನಕ್ಕೆ ಒಂದು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಆಗ "ತೂಕ ಜಾಸ್ತಿಯಾದರೆ ನಿಧಾನವಾಗಿ ತೂಗುತ್ತದೆ" ಅಂತ ತಪ್ಪು ತೀರ್ಮಾನಕ್ಕೆ ಬರುತ್ತೀರಿ, ಪಾಪ ತೂಕದ್ದು ಅದರಲ್ಲಿ ಏನೂ ಪಾತ್ರ ಇರುವುದಿಲ್ಲ. ನಟ್‌ಗಳನ್ನು ಕೆಳಕ್ಕೆ ಪೋಣಿಸದೆ ಒಂದೇ ಮಟ್ಟದಲ್ಲಿ ಸುತ್ತ ಕಟ್ಟಿ, ಅಥವಾ ಪ್ರತಿ ಸಲವೂ ದಾರ ಸರಿಮಾಡಿ ನಡುಮಧ್ಯದವರೆಗಿನ ಉದ್ದ ಒಂದೇ ಇರುವಂತೆ ನೋಡಿಕೊಳ್ಳಿ.

ಇನ್ನೊಂದು, ಎರಡು ಊರಿನಲ್ಲಿರುವ ಅಣ್ಣತಮ್ಮಂದಿರ ಮಕ್ಕಳೋ ಸ್ನೇಹಿತರೋ ಸೇರಿ ಮಾಡುವ ಪ್ರಾಜೆಕ್ಟ್‌ಗಳಲ್ಲಿ ಬರುವಂಥದ್ದು. "ನೀರಿಗೆ ಉಪ್ಪು ಹಾಕಿದರೆ ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ?" ಒಳ್ಳೆಯ ಪ್ರಶ್ನೆ. ಉಪ್ಪಿನ ಗ್ರಾಂ ಸ್ವತಂತ್ರ, ಕುದಿಯುವ ಉಷ್ಣಾಂಶ ಅವಲಂಬಿತ. ಒಂದು ಲೀಟರ್ ನೀರಿಗೆ 58 ಗ್ರಾಂ ಉಪ್ಪು ಹಾಕಿದರೆ ಕುದಿಬಿಂದು ಸುಮಾರು 1 ಡಿಗ್ರಿ ಏರುತ್ತದೆ. ಆದರೆ ಉಪ್ಪಿಲ್ಲದ ನೀರಿನ ಅಳತೆಯನ್ನು ಮಂಗಳೂರಿನಲ್ಲಿ ತೆಗೆದು, ಉಪ್ಪು ನೀರಿನದನ್ನು ಬೆಂಗಳೂರಿನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಜೋಡಿಸಿದರೆ ಏನಾಗುತ್ತದೆ? ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಊರಿನಿಂದ ಬಂದ 3 ಡಿಗ್ರಿ ವ್ಯತ್ಯಾಸ ಉಪ್ಪಿನಿಂದ ಬಂದ 1 ಡಿಗ್ರಿಯನ್ನು ಪೂರ್ತಿ ನುಂಗಿಹಾಕುತ್ತದೆ. ಉಪ್ಪು ಹಾಕಿದರೆ ಕಡಿಮೆ ಉಷ್ಣಾಂಶದಲ್ಲೇ ಕುದಿಯುತ್ತದೆ ಅಂತಲೇ ನಿಮ್ಮ ಟೇಬಲ್ ಹೇಳುತ್ತದೆ! ಒಂದೇ ಊರು, ಒಂದೇ ಥರ್ಮಾಮೀಟರ್, ಒಂದೇ ಪಾತ್ರೆ ಎಂಬುದೂ ನಿಯಂತ್ರಿತ ಚರಗಳೇ. ಅವುಗಳಿಗೂ ಕಾಲಂ ಹಾಕಿ.

ಸಮಯ ಎಲ್ಲಿ ಸೇರುತ್ತದೆ?

"ಸಮಯ ಯಾವಾಗಲೂ ಸ್ವತಂತ್ರ ಚರ" ಅಂತ ಎಷ್ಟೋ ಗೈಡ್‌ಗಳಲ್ಲಿ ಬರೆದಿರುತ್ತಾರೆ. ಅದನ್ನು ನಂಬಬೇಡಿ. ಈಗ ತಾನೇ ಲೋಲಕದಲ್ಲಿ ಸಮಯ ಅವಲಂಬಿತವಾಗಿತ್ತು, ದೋಸೆ ಹಿಟ್ಟಿನಲ್ಲಿ 10 ಗಂಟೆ ಎಂದು ನಿಯಂತ್ರಿತವಾಗಿತ್ತು.

ಹೆಸರುಕಾಳಿನ ಮೇಲೆ ನೋಡಿದರೆ ಇದು ಪೂರ್ತಿ ಬಿಡಿಸಿಕೊಳ್ಳುತ್ತದೆ. ಒಂದು ಕಾಳಿನ ಮೊಳಕೆ ದಿನಕ್ಕೆ ಎಷ್ಟು ಉದ್ದ ಆಗುತ್ತದೆ ಅಂತ ದಿನಾ ಅಳೆಯುತ್ತಿದ್ದರೆ, ಟೇಬಲ್‌ನ ಮೊದಲ ಕಾಲಂ "1ನೇ ದಿನ, 2ನೇ ದಿನ, 3ನೇ ದಿನ". ಅದನ್ನು ಇವತ್ತೇ ತುಂಬಬಹುದು, ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಇಲ್ಲಿ ಸಮಯ ಸ್ವತಂತ್ರ. ಇನ್ನೊಬ್ಬರು 100 ಮಿ.ಲೀ. ನೀರಿಗೆ 0, 1, 2, 3 ಗ್ರಾಂ ಉಪ್ಪು ಹಾಕಿ, ಒಂದೊಂದರಲ್ಲೂ 20 ಕಾಳು ಇಟ್ಟು, 3ನೇ ದಿನ ಎಷ್ಟು ಕಾಳು ಮೊಳಕೆ ಒಡೆದಿವೆ ಅಂತ ಎಣಿಸುತ್ತಾರೆ. ಇಲ್ಲಿ ಉಪ್ಪು ಸ್ವತಂತ್ರ, ಮೊಳಕೆ ಒಡೆದ ಕಾಳಿನ ಸಂಖ್ಯೆ ಅವಲಂಬಿತ, 3ನೇ ದಿನ ಎಂಬುದು ಎಲ್ಲದಕ್ಕೂ ಒಂದೇ, ಅಂದರೆ ನಿಯಂತ್ರಿತ. ಮೂರನೆಯವರು ಅದೇ ಉಪ್ಪು ನೀರು ಇಟ್ಟು, "ಮೊದಲ ಮೊಳಕೆ ಕಾಣಲು ಎಷ್ಟು ಗಂಟೆ ಬೇಕಾಯಿತು?" ಅಂತ ನೋಡುತ್ತಾರೆ. ಈಗ ಆ ಗಂಟೆಗಳ ಕಾಲಂ ಖಾಲಿ, ಕಾದು ನೋಡಿಯೇ ತುಂಬಬೇಕು. ಸಮಯ ಅವಲಂಬಿತ ಆಯಿತು. ಕಾಳು ಅದೇ, ನೀರು ಅದೇ, ಗಡಿಯಾರವೂ ಅದೇ. ಪ್ರಶ್ನೆ ಬದಲಾದದ್ದಕ್ಕೆ ಸಮಯದ ಜಾಗ ಬದಲಾಯಿತು.

ಅಂದ ಹಾಗೆ, "ಮೊಳಕೆ ಒಡೆದಿದೆ" ಎಂದರೆ ಏನು ಅಂತ ಮೊದಲೇ ಬರೆದಿಡಿ. ಬಿಳಿ ಬೇರು 2 ಮಿ.ಮೀ. ಹೊರಗೆ ಬಂದಿದ್ದರೆ ಹೌದು, ಸಿಪ್ಪೆ ಬಿರಿದಿದ್ದರೆ ಮಾತ್ರ ಸಾಲದು, ಹೀಗೆ. ಇಲ್ಲದಿದ್ದರೆ ನೀವೊಂದು ಎಣಿಕೆ, ನಿಮ್ಮ ತಂಗಿ ಇನ್ನೊಂದು ಎಣಿಕೆ ಹೇಳುತ್ತೀರಿ.

ಈ ಪ್ರಯೋಗದಲ್ಲಿ 0 ಗ್ರಾಂ ಉಪ್ಪಿನ ಬಟ್ಟಲನ್ನು ಕಂಟ್ರೋಲ್ ಅನ್ನುತ್ತಾರೆ. ಇದನ್ನು ನಿಯಂತ್ರಿತ ಚರದ ಜೊತೆ ಕಲಸಿಕೊಳ್ಳಬೇಡಿ. ಕಂಟ್ರೋಲ್ ಎಂದರೆ ಟೇಬಲ್‌ನ ಒಂದು ಸಾಲು, ಹೋಲಿಸಿ ನೋಡಲು ಇಟ್ಟದ್ದು. ನಿಯಂತ್ರಿತ ಚರ ಎಂದರೆ ಒಂದು ಕಾಲಂ. ತೀರ್ಪುಗಾರರು ಈ ಎರಡನ್ನೂ ಕೇಳಬಹುದು, ಟೇಬಲ್ ತೋರಿಸಿ ಉತ್ತರ ಕೊಡಿ.

ಜ್ವಾಲಾಮುಖಿ ಮಾಡೆಲ್‌ನಲ್ಲಿ ಚರ ಎಲ್ಲಿದೆ?

ಇಲ್ಲ. ಸೌರವ್ಯೂಹದ ಮಾಡೆಲ್‌ನಲ್ಲೂ ಇಲ್ಲ, ಥರ್ಮಾಕೋಲ್ ಹೃದಯದಲ್ಲೂ ಇಲ್ಲ. ಅವು ತೋರಿಸುವ ವಸ್ತುಗಳು. ಖಾಲಿ ಟೇಬಲ್ ಹಾಕಲು ಹೋದರೆ ಒಂದು ಕಾಲಂ ಕೂಡ ಹೊಳೆಯುವುದಿಲ್ಲ, ಅದೇ ಗುರುತು. ಮಾಡೆಲ್ ಮಾಡುವುದು ತಪ್ಪಲ್ಲ, ಆದರೆ ಪ್ರಯೋಗ ಮಾಡಿ ಅಂತ ಟೀಚರ್ ಹೇಳಿದ್ದರೆ ಅದು ಸಾಲದು.

ಜ್ವಾಲಾಮುಖಿಯನ್ನು ಪ್ರಯೋಗ ಮಾಡುವುದು ಮಾತ್ರ ಬಹಳ ಸುಲಭ, ಮತ್ತು ಫಲಿತಾಂಶ ಚೆನ್ನಾಗಿರುತ್ತದೆ. ಒಂದು ಲೀಟರ್‌ನ ಖಾಲಿ ಬಾಟಲಿಗೆ 100 ಮಿ.ಲೀ. ವಿನೆಗರ್ ಹಾಕಿ. ಬಲೂನಿನೊಳಗೆ ಅಡುಗೆ ಸೋಡ ತುಂಬಿ, ಬಾಟಲಿಯ ಬಾಯಿಗೆ ಸಿಕ್ಕಿಸಿ, ಬಲೂನ್ ಎತ್ತಿ ಸೋಡವನ್ನು ಒಳಗೆ ಬೀಳಿಸಿ. ಸೋಡ 2, 4, 6, 8, 10 ಗ್ರಾಂ. ಬಲೂನಿನ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಸೋಡದ ಗ್ರಾಂ ಸ್ವತಂತ್ರ, ಸುತ್ತಳತೆ ಅವಲಂಬಿತ. ವಿನೆಗರ್ ಪ್ರಮಾಣ, ಅದರ ಕಂಪನಿ, ಬಾಟಲಿ, ಬಲೂನಿನ ಸೈಜ್ ನಿಯಂತ್ರಿತ. ಒಂದು ಬಲೂನನ್ನು ಎರಡನೇ ಸಲ ಬಳಸಬೇಡಿ, ಒಮ್ಮೆ ಹಿಗ್ಗಿದ ರಬ್ಬರ್ ಮುಂದಿನ ಸಲ ಸುಲಭವಾಗಿ ಹಿಗ್ಗುತ್ತದೆ.

ಇದರಲ್ಲಿ ಚೆಂದದ ಒಂದು ತಿರುವಿದೆ. ಶೇ. 5ರ ವಿನೆಗರ್ 100 ಮಿ.ಲೀ.ನಲ್ಲಿ ಸುಮಾರು 5 ಗ್ರಾಂ ಅಸೆಟಿಕ್ ಆಮ್ಲ ಇರುತ್ತದೆ. ಅಷ್ಟು ಆಮ್ಲಕ್ಕೆ ಬೇಕಾಗುವುದು ಸುಮಾರು 7 ಗ್ರಾಂ ಸೋಡ. ಆದ್ದರಿಂದ 6 ಗ್ರಾಂವರೆಗೆ ಬಲೂನ್ ದೊಡ್ಡದಾಗುತ್ತಾ ಹೋಗುತ್ತದೆ, 8 ಮತ್ತು 10 ಗ್ರಾಂನಲ್ಲಿ ಹೆಚ್ಚುಕಮ್ಮಿ ಒಂದೇ ಇರುತ್ತದೆ, ಹೆಚ್ಚಾದ ಸೋಡ ಅನಿಲ ಆಗದೆ ಹಾಗೇ ಉಳಿಯುತ್ತದೆ. ಆಮ್ಲ ಮುಗಿದುಹೋಗಿರುತ್ತದೆ. ನಿಯಂತ್ರಿತ ಚರ ಎಂದು ಸುಮ್ನೆ ಪಕ್ಕಕ್ಕೆ ಇಟ್ಟಿದ್ದ ವಿನೆಗರ್ ಪ್ರಮಾಣವೇ ಇಲ್ಲಿ ಮಿತಿ ಹಾಕಿತು. ತೀರ್ಪುಗಾರರಿಗೆ ಇದನ್ನು ವಿವರಿಸಿ ಹೇಳಿ, ಬಣ್ಣದ ಲಾವಾಕ್ಕಿಂತ ನೂರು ಪಾಲು ಮೇಲು.

ನೀವು ಏನನ್ನೂ ಬದಲಾಯಿಸದ ಪ್ರಾಜೆಕ್ಟ್

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹೋಗುವ ಪ್ರಾಜೆಕ್ಟ್‌ಗಳಲ್ಲಿ ಊರಿನ ಸಮೀಕ್ಷೆ ಮಾಡುವಂಥವು ಜಾಸ್ತಿ. ಉದಾಹರಣೆಗೆ ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ಗೊತ್ತೇ ಇದೆ. "ಬೋರ್‌ವೆಲ್ ಆಳ ಜಾಸ್ತಿಯಾದಂತೆ ಫ್ಲೋರೈಡ್ ಜಾಸ್ತಿಯಾಗುತ್ತದಾ?" ಅಂತ ಮಕ್ಕಳು ಕೇಳಿದರೆ ನಿಜಕ್ಕೂ ಊರಿಗೆ ಬೇಕಾದ ಪ್ರಶ್ನೆ ಅದು. ಆದರೆ ಬೋರ್‌ವೆಲ್ ಆಳವನ್ನು ನೀವೇನೂ ಬದಲಾಯಿಸುವುದಿಲ್ಲ, ಎಂದೋ ಕೊರೆದದ್ದು. ಹಾಗಾದರೆ ಸ್ವತಂತ್ರ ಚರ ಇಲ್ಲವಾ? ಇದೆ. ನೀವು ಬದಲಾಯಿಸದಿದ್ದರೂ ಆರಿಸಿಕೊಳ್ಳುತ್ತೀರಿ. 200 ಅಡಿಯದ್ದು, 500 ಅಡಿಯದ್ದು, 1,000 ಅಡಿಯದ್ದು ಅಂತ ಪಟ್ಟಿ ಮಾಡಿ ಮೊದಲ ಕಾಲಂ ತುಂಬುತ್ತೀರಿ. ನೀರು ತಂದು ಟೆಸ್ಟ್ ಕಿಟ್‌ನಲ್ಲಿ ನೋಡುವವರೆಗೂ ಫ್ಲೋರೈಡ್ ಕಾಲಂ ಖಾಲಿ. ಟೇಬಲ್ ಇಲ್ಲೂ ಕೆಲಸ ಮಾಡುತ್ತದೆ.

ತೀರ್ಮಾನ ಬರೆಯುವಾಗ ಮಾತ್ರ ಹುಷಾರು. ಆಳವಾದ ಬೋರ್‌ವೆಲ್‌ಗಳೆಲ್ಲ ಊರಿನ ಒಂದೇ ಬದಿಯಲ್ಲಿ, ಒಂದೇ ಥರದ ಬಂಡೆಯ ಮೇಲೆ ಇರಬಹುದು. ಆಗ ವ್ಯತ್ಯಾಸ ಬಂದದ್ದು ಆಳದಿಂದಲೋ ಬಂಡೆಯಿಂದಲೋ ಹೇಳಲಾಗುವುದಿಲ್ಲ. "ಆಳದಿಂದ ಫ್ಲೋರೈಡ್ ಹೆಚ್ಚಾಯಿತು" ಅಂತ ಬರೆಯದೆ "ಆಳವಾದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು ಕಂಡಿತು" ಅಂತ ಬರೆಯಿರಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಅಂತ ಇದೆ. ನಿಮ್ಮ ಅಳತೆ ಅದನ್ನು ಮೀರಿದ್ದರೆ ಫೈಲ್‌ನಲ್ಲಿ ಇಟ್ಟು ಸುಮ್ಮನಿರಬೇಡಿ, ಗ್ರಾಮ ಪಂಚಾಯಿತಿಗೂ ತಿಳಿಸಿ.

ಗ್ರಾಫ್ ಹಾಕುವಾಗ

ಸ್ವತಂತ್ರ ಚರ ಅಡ್ಡ ಅಕ್ಷದ ಮೇಲೆ, ಅವಲಂಬಿತ ಚರ ಲಂಬ ಅಕ್ಷದ ಮೇಲೆ. ಉಪ್ಪು, ಉದ್ದ, ಗ್ರಾಂ ಹೀಗೆ ಸಂಖ್ಯೆಯಾದರೆ ಬಿಂದು ಹಾಕಿ ಗೆರೆ ಎಳೆಯಬಹುದು. ಗೊಬ್ಬರದ ಬಗೆ, ನೀರಿನ ಬಗೆ ಆದರೆ ಕಂಬದ ಗ್ರಾಫ್ ಹಾಕಿ. ಬಾವಿ ನೀರಿಗೂ ನಲ್ಲಿ ನೀರಿಗೂ ನಡುವೆ ಗೆರೆ ಎಳೆದರೆ ಆ ಗೆರೆಗೆ ಅರ್ಥವೇ ಇಲ್ಲ.

ಆದರೆ ಸಿದ್ಧ ಗ್ರಾಫ್ ನೋಡಿ ಚರಗಳನ್ನು ಊಹಿಸಬೇಡಿ. ಓಮ್‌ನ ನಿಯಮದ ಪ್ರಯೋಗದಲ್ಲಿ ನೀವು ಒಂದೊಂದೇ ಸೆಲ್ ಸೇರಿಸಿ ವೋಲ್ಟೇಜ್ ಬದಲಾಯಿಸುತ್ತೀರಿ, ಅಮ್ಮೀಟರ್‌ನಲ್ಲಿ ವಿದ್ಯುತ್ ಪ್ರವಾಹ ಓದುತ್ತೀರಿ. ವೋಲ್ಟೇಜ್ ಸ್ವತಂತ್ರ. ಆದರೂ ಎಷ್ಟೋ ಪುಸ್ತಕಗಳಲ್ಲಿ ವೋಲ್ಟೇಜನ್ನು ಲಂಬ ಅಕ್ಷದಲ್ಲಿ ಹಾಕಿರುತ್ತಾರೆ, ಹಾಗೆ ಹಾಕಿದರೆ ಗೆರೆಯ ಇಳಿಜಾರೇ ನೇರವಾಗಿ ರೋಧ ಕೊಡುತ್ತದೆ ಅಂತ. ಪಿಯುಸಿ ಅರ್ಥಶಾಸ್ತ್ರದ ಬೇಡಿಕೆ ರೇಖೆಯಲ್ಲೂ ಬೆಲೆ ಸ್ವತಂತ್ರ ಚರವಾದರೂ ಲಂಬ ಅಕ್ಷದಲ್ಲೇ ಇರುತ್ತದೆ.

ನಿರೀಕ್ಷಿಸಿದ್ದು ಬರದಿದ್ದರೆ

ಕೊನೆಗೆ ಒಂದು ಮಾತು, ಇದನ್ನು ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೆ ಜಾಸ್ತಿ ಹೇಳಬೇಕು ಅನಿಸುತ್ತದೆ. ಲೋಲಕದ ತೂಕ ಬದಲಾಯಿಸಿದ ಪ್ರಯೋಗವನ್ನು ಸರಿಯಾಗಿ ಮಾಡಿದರೆ ಸಮಯ ಬದಲಾಗುವುದೇ ಇಲ್ಲ. 50 ಗ್ರಾಂಗೂ ಅಷ್ಟೇ, 200 ಗ್ರಾಂಗೂ ಅಷ್ಟೇ. ಆಗ ಮಗು ಗಾಬರಿಯಾಗಿ "ಅವಲಂಬಿತ ಚರ ಅವಲಂಬಿಸಲೇ ಇಲ್ಲ, ಪ್ರಾಜೆಕ್ಟ್ ಫೇಲ್" ಅಂದುಕೊಳ್ಳುತ್ತದೆ. ಮನೆಯಲ್ಲಿ ಯಾರೋ ಒಬ್ಬರು ಸಂಖ್ಯೆ ಸ್ವಲ್ಪ ತಿದ್ದಿ ಗ್ರಾಫ್ ಏರುವ ಹಾಗೆ ಮಾಡಿಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವಲಂಬಿಸುತ್ತದಾ ಇಲ್ಲವಾ ಅಂತ ಪರೀಕ್ಷೆ ಮಾಡಲು ಇಟ್ಟ ಚರ ಅದು. ಇಲ್ಲ ಅಂತ ಉತ್ತರ ಬಂದರೂ ಅದರ ಹೆಸರು ಅವಲಂಬಿತ ಚರವೇ, ಪ್ರಾಜೆಕ್ಟ್ ಸರಿಯಾಗಿಯೇ ಇದೆ. ಪ್ರತಿ ತೂಕಕ್ಕೂ ಮೂರು ಸಲ ಅಳೆದು ಸರಾಸರಿ ತೆಗೆಯಿರಿ, ಮೂರೂ ಅಳತೆಗಳನ್ನು ಟೇಬಲ್‌ನಲ್ಲಿ ಹಾಗೇ ಬಿಡಿ. ಗ್ರಾಫ್ ಮಟ್ಟಸವಾದ ಗೆರೆಯಾಗಿ ಬರಲಿ. ಅದರ ಕೆಳಗೆ ಹೀಗೆ ಬರೆಯಿರಿ: "ಸ್ವತಂತ್ರ ಚರ: ಗುಂಡಿನ ತೂಕ, ಗ್ರಾಂಗಳಲ್ಲಿ. ಅವಲಂಬಿತ ಚರ: 20 ಆಂದೋಲನಗಳ ಸಮಯ, ಸೆಕೆಂಡುಗಳಲ್ಲಿ. ನಿಯಂತ್ರಿತ ಚರಗಳು: ಗುಂಡಿನ ನಡುಮಧ್ಯದವರೆಗಿನ ಉದ್ದ, ಎಳೆದು ಬಿಟ್ಟ ಕೋನ, ದಾರ, ಸ್ಟಾಪ್‌ವಾಚ್ ಹಿಡಿದವರು. ತೂಕ 50ರಿಂದ 200 ಗ್ರಾಂಗೆ ಏರಿದರೂ ಸಮಯದಲ್ಲಿ ಅಳೆಯುವಷ್ಟು ವ್ಯತ್ಯಾಸ ಕಾಣಲಿಲ್ಲ."